ದೊಡ್ಡ ಗಿಳಿಗೆ ಮನೆ ಹಿಂಡಾಗಬಲ್ಲುದೇ?

ಬಿಳಿಗಿರಿರಂಗನ ಬೆಟ್ಟಸಾಲಿನ ಬುಡದಿಂದ ಕಾವೇರಿಯ ಬಯಲಿನವರೆಗೆ ಹರಡಿಕೊಂಡಿರುವ ಯಳಂದೂರು, ಕೊಳ್ಳೇಗಾಲ, ಹನೂರು ತಾಲ್ಲೂಕುಗಳಲ್ಲಿ ಗಿಳಿ ಅಪರೂಪದ ಹಕ್ಕಿಯಲ್ಲ. ಅಗರದಂತಹ ಊರುಗಳ ಸುತ್ತಿನ ಗದ್ದೆ, ತೆಂಗಿನ ತೋಟ, ಮುಸುಕಿನ ಜೋಳದ ಹೊಲಗಳ ಮೇಲೆ ಕೊರಳಲ್ಲಿ ಪಟ್ಟಿಯುಳ್ಳ ಹಸಿರು ಗಿಳಿಗಳು ಹಿಂಡು ಹಿಂಡಾಗಿ ಹಾದುಹೋಗುತ್ತವೆ. ಬೆಟ್ಟದ ಕಾಡಿನೊಳಗೆ ಕೆಂದಲೆಯ ಗಿಳಿ, ನೀಲಿ ರೆಕ್ಕೆಯ ಗಿಳಿ, ತಲೆಕೆಳಗಾಗಿ ನೇತಾಡಿ ನಿದ್ರಿಸುವ ಪುಟ್ಟ ಗಿಳಿ ಇವೆಲ್ಲವೂ ಇವೆ. ಹೀಗೆ ಗಿಳಿಯನ್ನು ದಿನವೂ ಕಾಣುವ, ಕಾಳು ಕಟ್ಟಿದ ಹೊಲದಿಂದ ಅದನ್ನು ಕೂಗಿ ಓಡಿಸುವ ಸೀಮೆಯಲ್ಲಿಯೂ ಮಾತಾಡುವ ಒಂದು ದೊಡ್ಡ ಗಿಳಿಯನ್ನು ಮನೆಯಲ್ಲಿ ಸಾಕಬೇಕೆಂಬ ಆಸೆ ಹಳೆಯದು. ಈಚಿನ ವರ್ಷಗಳಲ್ಲಿ ಮೊಬೈಲಿನ ವಿಡಿಯೊಗಳಲ್ಲಿ ಕಾಣುವ ಬಣ್ಣಬಣ್ಣದ ವಿದೇಶಿ ಗಿಳಿಗಳು ಆ ಆಸೆಗೆ ಹೊಸ ರೂಪವನ್ನು ಕೊಟ್ಟಿವೆ. ಆ ಆಸೆಯನ್ನು ಜೀವವಿಜ್ಞಾನ, ಕಾನೂನು ಮತ್ತು ಈ ಸೀಮೆಯ ಮನೆಗಳ ನಿತ್ಯಜೀವನ ಈ ಮೂರರ ಎದುರಿಗಿಟ್ಟು ಪರಿಶೀಲಿಸುವುದು ಈ ಅಧ್ಯಾಯದ ಉದ್ದೇಶ.

ದೊಡ್ಡ ಗಿಳಿ ಎಂದಾಗ ಎರಡು ಬಗೆಯ ಹಕ್ಕಿಗಳು ಲೆಕ್ಕಕ್ಕೆ ಬರುತ್ತವೆ. ಮೊದಲನೆಯದು ಭಾರತದ್ದೇ ಆದ, ಹೆಗಲ ಮೇಲೆ ಕೆಂಪು ಮಚ್ಚೆಯುಳ್ಳ, ಬಾಲವೂ ಸೇರಿ ಎರಡು ಅಡಿಯ ಹತ್ತಿರಕ್ಕೆ ಬೆಳೆಯುವ ಅಲೆಕ್ಸಾಂಡ್ರಿನ್ ಗಿಳಿ. ಇದು ದಕ್ಷಿಣ ಕರ್ನಾಟಕದಲ್ಲಿ ವಿರಳ. ಎರಡನೆಯದು ದಕ್ಷಿಣ ಅಮೆರಿಕದ ಮಕಾವ್ ಮತ್ತು ಅಮೆಜಾನ್ ಗಿಳಿಗಳು, ಆಫ್ರಿಕದ ಬೂದು ಗಿಳಿ, ಆಸ್ಟ್ರೇಲಿಯ ಮತ್ತು ಇಂಡೋನೇಷ್ಯ ದ್ವೀಪಗಳ ಜುಟ್ಟಿನ ಕಾಕಟೂ ಮೊದಲಾದ ಪರದೇಶದ ಹಕ್ಕಿಗಳು. ಇವುಗಳಲ್ಲಿ ಮೊದಲನೆಯ ಬಗೆಯ ಬಾಗಿಲನ್ನು ಕಾನೂನು ಪೂರ್ತಿಯಾಗಿ ಮುಚ್ಚಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಭಾರತದ ಕಾಡುಗಿಳಿಗಳನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿಡುವುದು ಎಲ್ಲವೂ ಅಪರಾಧ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ರೂಪದಲ್ಲಿ ಈ ಗಿಳಿಗಳು ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿವೆ, ತಪ್ಪಿತಸ್ಥರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಗಳವರೆಗೆ ದಂಡವನ್ನು ವಿಧಿಸಬಹುದು. ಊರಿನ ಮರದ ಪೊಟರೆಯಿಂದ ತೆಗೆದ ಮರಿ, ಸಂತೆಯಲ್ಲಿ ಬುಟ್ಟಿಯೊಳಗೆ ಮುಚ್ಚಿಟ್ಟು ಮಾರುವ ಮರಿ, ಗಿಣಿಶಾಸ್ತ್ರ ಹೇಳುವವರ ಪೆಟ್ಟಿಗೆಯಲ್ಲಿರುವ ಗಿಣಿ, ಇವು ಮೂರೂ ಈ ಕಾಯ್ದೆಯ ವ್ಯಾಪ್ತಿಗೆ ಒಳಪಟ್ಟವೇ. ತಲೆಮಾರುಗಳಿಂದ ನಡೆದುಬಂದ ವಾಡಿಕೆ ಎಂಬ ಸಮಾಧಾನಕ್ಕೆ ಕಾನೂನಿನಲ್ಲಿ ಜಾಗವಿಲ್ಲ.

ವಿದೇಶಿ ಗಿಳಿಗಳ ವಿಷಯ ಇಷ್ಟು ಸರಳವಲ್ಲ. ಅಳಿವಿನ ಭೀತಿಯಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ, ಸೈಟಿಸ್ ಎಂದು ಕರೆಯಲ್ಪಡುವ ಒಪ್ಪಂದದ ಪಟ್ಟಿಗಳಲ್ಲಿ ಬಹುತೇಕ ಎಲ್ಲ ಗಿಳಿಗಳೂ ಸೇರಿವೆ. ಆಫ್ರಿಕದ ಬೂದು ಗಿಳಿ 2017ರಿಂದ ಅತ್ಯಂತ ಬಿಗಿಯಾದ ಮೊದಲ ಪಟ್ಟಿಯಲ್ಲಿದೆ; ನೀಲಿ-ಹಳದಿ ಮಕಾವ್ ಎರಡನೆಯ ಪಟ್ಟಿಯಲ್ಲಿದೆ. ಈ ಪಟ್ಟಿಗಳ ಪ್ರಾಣಿಗಳನ್ನು ಭಾರತದ ಕಾಯ್ದೆಯು ತನ್ನ ನಾಲ್ಕನೆಯ ಅನುಸೂಚಿಗೆ ತಂದುಕೊಂಡಿರುವುದರಿಂದ, 2024ರ ನಿಯಮಗಳ ಪ್ರಕಾರ ಅಂತಹ ಹಕ್ಕಿಯನ್ನು ಇಟ್ಟುಕೊಂಡವರು ಪರಿವೇಶ್ ಎಂಬ ಜಾಲತಾಣದ ಮೂಲಕ ಅದನ್ನು ನೋಂದಾಯಿಸಬೇಕು, ಅದು ಮರಿ ಮಾಡಿದರೆ, ಸತ್ತರೆ, ಕೈಬದಲಾದರೆ ಅದನ್ನೂ ವರದಿ ಮಾಡಬೇಕು. ಕಾಗದಪತ್ರಗಳಿಲ್ಲದೆ ಕಡಿಮೆ ಬೆಲೆಗೆ ದೊರೆಯುವ ಮಕಾವ್ ಮರಿ ಕೊಂಡವರನ್ನು ಕಾನೂನಿನ ತೊಡಕಿಗೆ ಸಿಕ್ಕಿಸುವುದಷ್ಟೇ ಅಲ್ಲ, ಅದು ಕಳ್ಳಸಾಗಣೆಯ ಸರಪಳಿಯ ಕೊನೆಯ ಕೊಂಡಿಯೂ ಆಗಿರಬಹುದು. ಆ ಸರಪಳಿಯ ಇನ್ನೊಂದು ತುದಿಯಲ್ಲಿ ಏನಾಗುತ್ತದೆ ಎಂಬುದನ್ನು ಘಾನಾ ದೇಶದ ಸ್ಥಿತಿ ತೋರಿಸುತ್ತದೆ: ಅಲ್ಲಿ ಬೂದು ಗಿಳಿಗಳ ಸಂಖ್ಯೆ 1990ರ ದಶಕದ ಆರಂಭದಿಂದೀಚೆಗೆ ಶೇಕಡ 90ರಿಂದ 99ರಷ್ಟು ಕುಸಿದಿದೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಕಾಡು ಕಡಿದದ್ದೂ ಅದಕ್ಕೆ ಕಾರಣವಾದರೂ ಸಾಕುವವರ ಮಾರುಕಟ್ಟೆಗೆಂದು ಹಿಡಿದದ್ದು ಬಹುಮುಖ್ಯ ಕಾರಣ.

ಕಾನೂನಿನ ಪ್ರಶ್ನೆ ಬಗೆಹರಿದ ಮೇಲೂ ಮುಖ್ಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅದಕ್ಕೆ ಉತ್ತರ ಅಡಗಿರುವುದು ಜನರನ್ನು ಗಿಳಿಯತ್ತ ಸೆಳೆಯುವ ಗುಣದಲ್ಲಿಯೇ, ಅಂದರೆ ಅದರ ಮಾತಿನಲ್ಲಿ. ಬಾಣನ ಕಾದಂಬರಿಯನ್ನು ಕನ್ನಡಕ್ಕೆ ತಂದ ನಾಗವರ್ಮನ ಕಾವ್ಯದಲ್ಲಿ ವೈಶಂಪಾಯನನೆಂಬ ಪಂಡಿತ ಗಿಳಿಯೇ ಶೂದ್ರಕ ರಾಜನಿಗೆ ಕಥೆ ಹೇಳುತ್ತದೆ. ಗಿಳಿಯ ಮಾತಿಗೆ ಈ ನಾಡಿನಲ್ಲಿ ಅಷ್ಟು ದೀರ್ಘಕಾಲದ ಮನ್ನಣೆಯಿದೆ. ಆದರೆ ಹಕ್ಕಿ ಮಾತು ಕಲಿಯುವುದೇಕೆ ಎಂಬ ಪ್ರಶ್ನೆಗೆ ಉತ್ತರ ದೊರೆಯತೊಡಗಿದ್ದು ಈಚೆಗೆ. ಬಹುಪಾಲು ಪ್ರಾಣಿಗಳು ತಮ್ಮ ಕೂಗನ್ನು ಹುಟ್ಟಿನಿಂದಲೇ ಪಡೆದಿರುತ್ತವೆ. ಕೇಳಿದ ಧ್ವನಿಯನ್ನು ಅನುಕರಿಸಿ ಹೊಸ ಕೂಗನ್ನು ಕಲಿಯುವ ಸಾಮರ್ಥ್ಯಕ್ಕೆ ಧ್ವನಿಕಲಿಕೆ ಎಂದು ಹೆಸರು, ಅದು ಹಕ್ಕಿಗಳಲ್ಲಿ ಹಾಡುಹಕ್ಕಿಗಳು, ಝೇಂಕಾರದ ಹಕ್ಕಿಗಳು ಮತ್ತು ಗಿಳಿಗಳು ಎಂಬ ಮೂರು ಗುಂಪುಗಳಿಗೆ ಮುಖ್ಯವಾಗಿ ಸೀಮಿತವಾಗಿದೆ. ಗಿಳಿಯ ಧ್ವನಿ ಹೊರಡುವುದು ಶ್ವಾಸನಾಳ ಎರಡಾಗಿ ಕವಲೊಡೆಯುವ ಕಡೆ ಇರುವ ಸಿರಿಂಕ್ಸ್ ಎಂಬ ಅಂಗದಿಂದ. ಆ ಧ್ವನಿಯನ್ನು ದಪ್ಪ ನಾಲಗೆಯ ಚಲನೆ ಮನುಷ್ಯರ ಸ್ವರಗಳ ಹತ್ತಿರಕ್ಕೆ ತಿದ್ದುತ್ತದೆ.

ಕಾಡಿನಲ್ಲಿ ಮನುಷ್ಯರ ಮಾತೇ ಇಲ್ಲದಿರುವಾಗ ಈ ಸಾಮರ್ಥ್ಯ ಯಾವ ಕೆಲಸಕ್ಕೆ ಬರುತ್ತದೆ? ವೆನೆಜುವೆಲಾದಲ್ಲಿ ಪುಟ್ಟ ಹಸಿರು ಗಿಳಿಗಳ ಗೂಡುಗಳನ್ನು ಅಧ್ಯಯನ ಮಾಡಿದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಸಂಗತಿ ಇಲ್ಲಿ ಬೆಳಕು ಚೆಲ್ಲುತ್ತದೆ. ಪ್ರತಿ ಮರಿಗೂ ಬೇರೆಯದೇ ಆದ ಒಂದು ಕರೆ ಇರುತ್ತದೆ, ಆ ಕರೆಯನ್ನು ಮರಿ ತನ್ನನ್ನು ಸಾಕುವ ತಂದೆತಾಯಿಗಳಿಂದ ಕಲಿಯುತ್ತದೆ. ಮೊಟ್ಟೆಗಳನ್ನು ಗೂಡಿನಿಂದ ಗೂಡಿಗೆ ಬದಲಾಯಿಸಿದಾಗ ಮರಿಗಳ ಕರೆಗಳು ಹೆತ್ತವರದನ್ನು ಬಿಟ್ಟು ಸಾಕಿದವರದನ್ನೇ ಹೋಲುತ್ತಿದ್ದವು. ಗಿಳಿಗಳ ಹಿಂಡಿನಲ್ಲಿ ಒಂದು ಹಕ್ಕಿ ಇನ್ನೊಂದನ್ನು ಗುರುತಿಸುವುದೂ ಎಲೆಗಳ ಮರೆಯಲ್ಲಿ ಸಂಗಾತಿಯನ್ನು ಹುಡುಕುವುದೂ ಇಂತಹ ಕಲಿತ ಕರೆಗಳಿಂದಲೇ. ಪಂಜರದ ಗಿಳಿ ಮನೆಯ ಮಗುವಿನ ಹೆಸರನ್ನು ಕೂಗಿದಾಗ, ಹಾಗಾದರೆ, ಅದು ತನ್ನ ಎದುರಿಗಿರುವ ಜನರನ್ನು ತನ್ನ ಹಿಂಡು ಎಂದು ತಿಳಿದು ಆ ಹಿಂಡಿನ ಕರೆಗಳನ್ನು ಕಲಿಯುತ್ತಿರುತ್ತದೆ. ಮಾತಾಡುವ ಗಿಳಿ ಬೇಕೆನ್ನುವ ಮನೆ, ತಿಳಿದೋ ತಿಳಿಯದೆಯೋ, ಒಂದು ಹಿಂಡಿನ ಹೊಣೆಯನ್ನು ಹೊರಲು ಒಪ್ಪಿಕೊಂಡಂತಾಗುತ್ತದೆ.

ಆ ಹೊಣೆ ಎಷ್ಟು ದೊಡ್ಡದೆಂಬುದು ಹಕ್ಕಿಯ ಮಿದುಳನ್ನು ನೋಡಿದರೆ ತಿಳಿಯುತ್ತದೆ. ಮಕಾವ್‌ನ ಮಿದುಳು ಗಾತ್ರದಲ್ಲಿ ಕೋತಿಯ ಮಿದುಳಿಗಿಂತ ಬಹಳ ಚಿಕ್ಕದು. ಆದರೆ ಹಕ್ಕಿಗಳ ಮಿದುಳಿನಲ್ಲಿ ನರಕೋಶಗಳು ಒತ್ತೊತ್ತಾಗಿ ಅಡಕವಾಗಿರುವುದರಿಂದ, ಯೋಚನೆ ಮತ್ತು ಕಲಿಕೆಗೆ ಸಂಬಂಧಿಸಿದ ಮುಂಭಾಗದಲ್ಲಿ ಮಕಾವ್‌ಗೆ ಮಕಾಕ್ ಕೋತಿಗಿಂತ ಹೆಚ್ಚು ನರಕೋಶಗಳಿವೆ ಎಂದು 2016ರ ಅಧ್ಯಯನವೊಂದು ಎಣಿಸಿ ತೋರಿಸಿತು. ಅಮೆರಿಕದ ಐರೀನ್ ಪೆಪ್ಪರ್‌ಬರ್ಗ್ ಅವರು 1977ರಲ್ಲಿ ಅಂಗಡಿಯೊಂದರಿಂದ ಕೊಂಡು ತಂದು ಮೂವತ್ತು ವರ್ಷ ಕಲಿಸಿದ ಅಲೆಕ್ಸ್ ಎಂಬ ಬೂದು ಗಿಳಿ ನೂರಕ್ಕೂ ಹೆಚ್ಚು ಪದಗಳನ್ನು ಬಳಸುತ್ತಿತ್ತು. ವಸ್ತುಗಳ ಬಣ್ಣ, ಆಕಾರ, ಅವು ಯಾವುದರಿಂದ ಮಾಡಿದವು ಎಂಬುದನ್ನು ಕೇಳಿದಂತೆ ಬೇರೆ ಬೇರೆಯಾಗಿ ಹೇಳುತ್ತಿತ್ತು, ಎರಡು ವಸ್ತುಗಳ ನಡುವೆ ವ್ಯತ್ಯಾಸವೇ ಇಲ್ಲದಿದ್ದಾಗ ಇಲ್ಲವೆಂದೂ ತಿಳಿಸುತ್ತಿತ್ತು. ಅಷ್ಟು ಬುದ್ಧಿಯುಳ್ಳ ಜೀವಿಯನ್ನು ಬೆಳಗಿನಿಂದ ಸಂಜೆಯವರೆಗೆ ನಡುಮನೆಯ ಮೂಲೆಯಲ್ಲಿ ಒಂಟಿಯಾಗಿ ಕೂರಿಸಿದರೆ ಆಗುವ ಪರಿಣಾಮವನ್ನು ಗಿಳಿಗಳಿಗೆ ಚಿಕಿತ್ಸೆ ನೀಡುವ ಪಶುವೈದ್ಯರು ಆಗಾಗ ಕಾಣುತ್ತಾರೆ. ಅದು ತನ್ನ ಪುಕ್ಕಗಳನ್ನು ತಾನೇ ಕಿತ್ತುಕೊಳ್ಳುತ್ತದೆ. ಕೆಲವೊಮ್ಮೆ ಎದೆಯ ಚರ್ಮ ಕಾಣುವಷ್ಟು, ರಕ್ತ ಬರುವಷ್ಟು ಕಿತ್ತುಕೊಳ್ಳುತ್ತದೆ. ಬೂದು ಗಿಳಿ ಮತ್ತು ಕಾಕಟೂಗಳಲ್ಲಿ ಇದು ಹೆಚ್ಚು. ಕೆಲವು ಹಕ್ಕಿಗಳು ಒಂದೇ ಕಂಬಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಗಂಟೆಗಟ್ಟಲೆ ನಡೆಯುತ್ತವೆ, ತಲೆಯನ್ನು ಒಂದೇ ರೀತಿ ತೂಗುತ್ತವೆ, ಕಿರುಚುತ್ತವೆ. ಮಿದುಳು ದೊಡ್ಡದಾಗಿರುವ ಜಾತಿಗಳಲ್ಲಿ ಇಂತಹ ಪುನರಾವರ್ತನೆಯ ನಡವಳಿಕೆ ಹೆಚ್ಚು ಎಂಬುದು 2021ರಲ್ಲಿ ಹಲವು ಗಿಳಿಜಾತಿಗಳನ್ನು ಹೋಲಿಸಿದಾಗ ಕಂಡುಬಂದಿತು. ಅಂದರೆ ಯಾವ ಗಿಳಿಯ ಜಾಣತನವನ್ನು ಜನ ಮೆಚ್ಚುತ್ತಾರೋ ಅದೇ ಗಿಳಿ ಪಂಜರದಲ್ಲಿ ಹೆಚ್ಚು ಸಂಕಟಪಡುತ್ತದೆ.

ಒಂಟಿತನದ ಗುರುತು ಹಕ್ಕಿಯ ಜೀವಕೋಶಗಳಲ್ಲಿಯೂ ಉಳಿಯುತ್ತದೆ. ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ಭಾಗಗಳಿರುತ್ತವೆ. ವಯಸ್ಸಾದಂತೆ ಇವು ಗಿಡ್ಡವಾಗುತ್ತವೆ, ದೀರ್ಘಕಾಲದ ಒತ್ತಡದಲ್ಲಿ ಇನ್ನೂ ಬೇಗ ಗಿಡ್ಡವಾಗುತ್ತವೆ. ಆಸ್ಟ್ರಿಯದಲ್ಲಿ ಬೂದು ಗಿಳಿಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂಟಿಯಾಗಿ ಸಾಕಿದ 9 ವರ್ಷದ ಹಕ್ಕಿಗಳ ಟೆಲೊಮಿಯರ್‌ಗಳು ಜೋಡಿಯಾಗಿ ಬದುಕಿದ, 23 ವರ್ಷ ಹೆಚ್ಚು ವಯಸ್ಸಾದ ಹಕ್ಕಿಗಳದರಷ್ಟೇ ಗಿಡ್ಡವಾಗಿದ್ದವು. ಈ ಒಂದು ಸಂಗತಿ ಗೊತ್ತಿದ್ದವರಿಗೆ ಒಂಟಿ ಗಿಳಿಯ ಪಂಜರವನ್ನು ಮನೆಯ ಅಲಂಕಾರವೆಂದು ನೋಡುವುದು ಸಾಧ್ಯವಾಗಬಾರದು.

ಮರಿಯಾಗಿದ್ದಾಗ ಈ ಕಷ್ಟಗಳು ಕಾಣುವುದಿಲ್ಲ, ಅಪಾಯ ಇರುವುದೂ ಅಲ್ಲಿಯೇ. ವ್ಯಾಪಾರಿಗಳು ಮರಿಗಳನ್ನು ತಾಯಿಯಿಂದ ಬೇಗ ಬೇರ್ಪಡಿಸಿ ಸಿರಿಂಜಿನಿಂದಲೋ ಚಮಚದಿಂದಲೋ ಗಂಜಿ ಕುಡಿಸಿ ಬೆಳೆಸುತ್ತಾರೆ. ಹಾಗೆ ಬೆಳೆದ ಮರಿ ಮನುಷ್ಯರನ್ನೇ ತನ್ನ ಜಾತಿಯೆಂದು ಭಾವಿಸಿ, ಯಾರ ಹೆಗಲ ಮೇಲಾದರೂ ಕೂತು, ಎಲ್ಲರಿಂದಲೂ ತಲೆ ಸವರಿಸಿಕೊಳ್ಳುತ್ತದೆ. ಮೂರರಿಂದ ಆರು ವರ್ಷಗಳ ನಡುವೆ ಅದು ಪ್ರಾಯಕ್ಕೆ ಬರುತ್ತದೆ. ಗಿಳಿಗಳು ಒಬ್ಬ ಸಂಗಾತಿಯೊಂದಿಗೆ ಬಹುಕಾಲ ಬಾಳುವ ಹಕ್ಕಿಗಳಾದ್ದರಿಂದ ಆಗ ಅದು ಮನೆಯ ಒಬ್ಬರನ್ನು ಸಂಗಾತಿಯೆಂದು ಆರಿಸಿಕೊಳ್ಳುತ್ತದೆ, ಉಳಿದವರನ್ನು ಪ್ರತಿಸ್ಪರ್ಧಿಗಳೆಂದು ಕಾಣತೊಡಗುತ್ತದೆ. ನಿನ್ನೆಯವರೆಗೆ ಕೈಮೇಲೆ ಕುಳಿತಿದ್ದ ಹಕ್ಕಿ ಅತ್ತೆಯನ್ನೋ ಮಗುವನ್ನೋ ಎಗರಿ ಕಚ್ಚುತ್ತದೆ. ಗಿಳಿಯ ಮೇಲಿನ ಕೊಕ್ಕು ತಲೆಬುರುಡೆಗೆ ಕೀಲಿನಂತೆ ಜೋಡಣೆಗೊಂಡಿರುವುದರಿಂದ ಅದರ ಕಡಿತಕ್ಕೆ ಹೆಚ್ಚಿನ ಬಲವಿದೆ. ಗಟ್ಟಿ ಚಿಪ್ಪಿನ ಕಾಯಿಗಳನ್ನು ಒಡೆಯುವ ಮಕಾವ್‌ಗೆ ಮಗುವಿನ ಬೆರಳನ್ನು ತೀವ್ರವಾಗಿ ಗಾಯಗೊಳಿಸುವುದು ಕಷ್ಟವಲ್ಲ. ಅಜ್ಜಿ, ಸೊಸೆ, ಮಕ್ಕಳು, ಬಂದುಹೋಗುವ ನೆಂಟರು ಎಲ್ಲರೂ ಇರುವ ತುಂಬು ಮನೆ ಹಿಂಡಿನಂತೆ ಕಾಣುತ್ತದೆ ನಿಜ. ಆದರೆ ಒಬ್ಬರನ್ನೇ ಹಚ್ಚಿಕೊಂಡ ಪ್ರಾಯದ ಗಿಳಿಗೆ ಆ ತುಂಬು ಮನೆಯೇ ಕಿರಿಕಿರಿಯ ತಾಣ. ಆ ಒಬ್ಬರು ಓದಿಗೋ ಕೆಲಸಕ್ಕೋ ಮೈಸೂರಿಗೆ, ಬೆಂಗಳೂರಿಗೆ ಹೋದ ದಿನದಿಂದ ಹಕ್ಕಿ ಸಂಗಾತಿಯನ್ನು ಕಳೆದುಕೊಂಡಂತೆಯೇ.

ಆಯಸ್ಸಿನ ಪ್ರಶ್ನೆಯನ್ನು ಇದರ ಜೊತೆಗೇ ನೋಡಬೇಕು. ಚೆನ್ನಾಗಿ ನೋಡಿಕೊಂಡ ಬೂದು ಗಿಳಿ ನಲವತ್ತು ಐವತ್ತು ವರ್ಷ, ದೊಡ್ಡ ಮಕಾವ್ ಐವತ್ತಕ್ಕೂ ಹೆಚ್ಚು ವರ್ಷ ಬದುಕಬಲ್ಲದು. ಅಮೆರಿಕದ ಬ್ರೂಕ್‌ಫೀಲ್ಡ್ ಮೃಗಾಲಯದಲ್ಲಿದ್ದ ಕುಕಿ ಎಂಬ ಕಾಕಟೂ 1933ರಲ್ಲಿ ಹುಟ್ಟಿ 2016ರಲ್ಲಿ, 83ನೆಯ ವಯಸ್ಸಿನಲ್ಲಿ ಸತ್ತಿತು. ನಲವತ್ತು ವರ್ಷದ ತಂದೆ ಹತ್ತು ವರ್ಷದ ಮಗಳ ಹುಟ್ಟುಹಬ್ಬಕ್ಕೆಂದು ಮರಿಯೊಂದನ್ನು ತಂದರೆ, ಆತನಿಗೆ ಎಂಬತ್ತಾದಾಗಲೂ ಹಕ್ಕಿ ಗಟ್ಟಿಯಾಗಿರುತ್ತದೆ, ಮಗಳು ಬಹುಶಃ ಬೇರೆ ಊರಿನಲ್ಲಿರುತ್ತಾಳೆ. ಜಮೀನಿನ ಪಾಲಿನ ಬಗ್ಗೆ ಯೋಚಿಸುವ ಕುಟುಂಬಗಳು ಗಿಳಿಯನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಯೋಚಿಸುವುದಿಲ್ಲ, ಯೋಚಿಸಲೇಬೇಕು.

ಇನ್ನು ಮನೆಯ ಗಾಳಿ. ಈ ಸೀಮೆಗೆ ವಿಶೇಷವಾಗಿ ಸಂಬಂಧಿಸಿದ ವಿಷಯ ಇದಾದ್ದರಿಂದ ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ. ಹಕ್ಕಿಯ ಶ್ವಾಸಕೋಶಕ್ಕೆ ಗಾಳಿಚೀಲಗಳೆಂಬ ತೆಳುಗೋಡೆಯ ಸಂಚಿಗಳು ಸೇರಿಕೊಂಡಿರುತ್ತವೆ, ಇವುಗಳ ನೆರವಿನಿಂದ ಗಾಳಿ ಶ್ವಾಸಕೋಶದ ಮೂಲಕ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಹಾರಾಟಕ್ಕೆ ಬೇಕಾದ ಆಮ್ಲಜನಕವನ್ನು ಒದಗಿಸುವ ಈ ಸಮರ್ಥ ವ್ಯವಸ್ಥೆ ಗಾಳಿಯಲ್ಲಿರುವ ವಿಷವನ್ನೂ ಅಷ್ಟೇ ಸಮರ್ಥವಾಗಿ ಒಳಗೆ ಎಳೆದುಕೊಳ್ಳುತ್ತದೆ. ಅತಿಯಾಗಿ ಕಾದ ನಾನ್‌ಸ್ಟಿಕ್ ಬಾಣಲೆಯ ಲೇಪನದಿಂದ ಹೊರಡುವ ಅನಿಲ ಮನುಷ್ಯರಿಗೆ ತಿಳಿಯದಿದ್ದರೂ ಅದೇ ಮನೆಯ ಗಿಳಿಯನ್ನು ಸ್ವಲ್ಪ ಹೊತ್ತಿನಲ್ಲೇ ಕೊಲ್ಲಬಲ್ಲದು. ಸೌದೆ ಒಲೆಯ ಹೊಗೆ, ಸೊಳ್ಳೆಬತ್ತಿ, ಊದುಬತ್ತಿ, ಸಾಂಬ್ರಾಣಿ ಇವೆಲ್ಲವೂ ಅದರ ಉಸಿರಾಟಕ್ಕೆ ಹೊರೆ. ಯಳಂದೂರು, ಕೊಳ್ಳೇಗಾಲದ ಕಡೆ ಇನ್ನೊಂದು ಸಂಗತಿಯೂ ಇದೆ: ರೇಷ್ಮೆ ಸಾಕುವ ಮನೆಗಳಲ್ಲಿ ಪ್ರತಿ ಬೆಳೆಗೆ ಮೊದಲು ಬ್ಲೀಚಿಂಗ್ ಪುಡಿ ಅಥವಾ ಫಾರ್ಮಲಿನ್ ಸಿಂಪಡಿಸಿ ಹುಳುಮನೆಯ ಸೋಂಕು ತೆಗೆಯುತ್ತಾರೆ. ಹುಳುವಿಗೆ ರೋಗ ಬರದಂತೆ ಕಾಯುವ ಈ ಕ್ರಮ ಅದೇ ಚಾವಣಿಯ ಕೆಳಗಿರುವ ಗಿಳಿಗೆ ವಿಷ. ಹುಳು ಸಾಕುವ ಮನೆಯಲ್ಲಿ ದೊಡ್ಡ ಗಿಳಿಗೆ ಜಾಗವಿಲ್ಲವೆಂದು ನೇರವಾಗಿ ಹೇಳಬಹುದು.

ಆಹಾರದ ಮಟ್ಟಿಗೆ ಈ ಸೀಮೆ ಬಡವಲ್ಲ. ಬರೀ ಸೂರ್ಯಕಾಂತಿ ಬೀಜ, ಕಡಲೆಕಾಯಿಗಳ ಮೇಲೆ ಬೆಳೆದ ಗಿಳಿಗೆ ಕೊಬ್ಬು ಹೆಚ್ಚಿ ಎ ಜೀವಸತ್ವದ ಮತ್ತು ಸುಣ್ಣದ ಕೊರತೆ ಉಂಟಾಗುತ್ತದೆ. ಬೂದು ಗಿಳಿಗಳಲ್ಲಿ ಸುಣ್ಣದ ಕೊರತೆ ಸೆಳವಿನವರೆಗೂ ಹೋಗುತ್ತದೆ. ನುಗ್ಗೆಸೊಪ್ಪು, ಪರಂಗಿ, ಸಿಹಿಗುಂಬಳ, ಮೊಳಕೆ ಕಟ್ಟಿದ ಕಾಳು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಬಲ್ಲವು. ಗಿಳಿ ಹಸಿಮೆಣಸಿನಕಾಯಿಯನ್ನು ಸಲೀಸಾಗಿ ತಿನ್ನುವುದು ಹಲವರಿಗೆ ಸೋಜಿಗ. ಖಾರದ ಅಂಶವಾದ ಕ್ಯಾಪ್ಸೈಸಿನ್ ಸಸ್ತನಿಗಳ ನರದಲ್ಲಿರುವ ಗ್ರಾಹಕವನ್ನು ಕೆರಳಿಸುವಂತೆ ಹಕ್ಕಿಗಳ ಗ್ರಾಹಕವನ್ನು ಕೆರಳಿಸುವುದಿಲ್ಲ, ಆದ್ದರಿಂದ ಅದಕ್ಕೆ ಖಾರವೇ ತಿಳಿಯುವುದಿಲ್ಲ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಉಪ್ಪು ಹೆಚ್ಚಿರುವ ಕುರುಕಲು ತಿಂಡಿಗಳು ಮಾತ್ರ ಅದಕ್ಕೆ ಕೇಡು.

ವೈದ್ಯರ ವಿಷಯ ಅಷ್ಟು ಸುಲಭವಲ್ಲ. ತಾಲ್ಲೂಕಿನ ಪಶು ಆಸ್ಪತ್ರೆಗಳ ಮುಖ್ಯ ಕೆಲಸ ಹಸು, ಎಮ್ಮೆ, ಕುರಿ, ಮೇಕೆಗಳದು. ಗಿಳಿಗಳ ಚಿಕಿತ್ಸೆಯಲ್ಲಿ ನುರಿತ ವೈದ್ಯರಿಗಾಗಿ ದೊಡ್ಡ ನಗರಗಳಿಗೆ ಹೋಗಬೇಕು. ಬೇಟೆಗಾರ ಪ್ರಾಣಿಗಳ ಕಣ್ಣಿಗೆ ಬೀಳಬಾರದೆಂದು ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೂ ಮರೆಮಾಚುವುದರಿಂದ, ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತ ಗಿಳಿಗೆ ಆಗಲೇ ತಡವಾಗಿರುತ್ತದೆ. ಗಿಳಿಯಿಂದ ಮನುಷ್ಯರಿಗೆ ಅಂಟುವ ಗಿಳಿಜ್ವರವೆಂಬ ಬ್ಯಾಕ್ಟೀರಿಯಾದ ಸೋಂಕು ನ್ಯುಮೋನಿಯವನ್ನು ತರಬಲ್ಲದು. 1929-30ರಲ್ಲಿ ದಕ್ಷಿಣ ಅಮೆರಿಕದಿಂದ ಸಾಗಿಸಿದ ಗಿಳಿಗಳ ಮೂಲಕ ಅದು ಅಮೆರಿಕ ಮತ್ತು ಯೂರೋಪಿನ ಹಲವು ದೇಶಗಳಿಗೆ ಹರಡಿತ್ತು. ಕಾಕಟೂ ಮತ್ತು ಬೂದು ಗಿಳಿಗಳ ಪುಕ್ಕದಿಂದ ಉದುರುವ ಬಿಳಿಯ ಪುಡಿ ಉಬ್ಬಸದವರಿರುವ ಮನೆಗೆ ತಕ್ಕುದಲ್ಲ. ಮಕಾವ್‌ಗಳ ಕೂಗು 100 ಡೆಸಿಬೆಲ್ ಮೀರುತ್ತದೆ ಮತ್ತು ಬೆಳಿಗ್ಗೆ, ಸಂಜೆ ಕೂಗುವುದು ಅವುಗಳ ಸಹಜ ಧರ್ಮ. ಗೋಡೆಗೆ ಗೋಡೆ ತಾಗಿರುವ ಊರಿನ ಬೀದಿಯಲ್ಲಿ ಇದನ್ನು ಅಕ್ಕಪಕ್ಕದವರೂ ಸಹಿಸಬೇಕಾಗುತ್ತದೆ. ಒಂದು ಮೀಟರಿಗೂ ಅಗಲವಾಗಿ ಬಿಚ್ಚಿಕೊಳ್ಳುವ ಮಕಾವ್‌ನ ರೆಕ್ಕೆಗಳಿಗೆ ಪಂಜರವಲ್ಲ, ಒಂದು ಕೋಣೆಯೇ ಬೇಕು.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಹಗಲಿಡೀ ಮನೆಯಲ್ಲಿ ಇರುವ ಕನಿಷ್ಠ ಇಬ್ಬರು ದೊಡ್ಡವರು, ಹಕ್ಕಿಗೆ ತನ್ನದೇ ಜಾತಿಯ ಸಂಗಾತಿ, ಹಾರಾಡಲು ಹೊಗೆಯಿಲ್ಲದ ವಿಶಾಲ ಜಾಗ, ದೂರದ ವೈದ್ಯರಲ್ಲಿಗೆ ಹೋಗಿಬರುವ ಅನುಕೂಲ, ನೋಂದಣಿಯ ಕಾಗದಪತ್ರ, ಮುಂದಿನ ತಲೆಮಾರಿನ ಒಬ್ಬರ ಸ್ಪಷ್ಟ ಒಪ್ಪಿಗೆ ಇವೆಲ್ಲವೂ ಇರುವ ಮನೆಗಳು ಅತಿ ಕಡಿಮೆ. ಶಾಲೆಗೆ ಹೋಗುವ ಮಕ್ಕಳಿರುವ, ದೊಡ್ಡವರು ಹೊಲಕ್ಕೋ ಕಚೇರಿಗೋ ಹೋಗುವ ಸಾಮಾನ್ಯ ಕುಟುಂಬಕ್ಕೆ ದೊಡ್ಡ ಗಿಳಿ ತಕ್ಕ ಸಾಕುಹಕ್ಕಿಯಲ್ಲ. ಹಕ್ಕಿ ಸಾಕಲೇಬೇಕೆಂಬ ಮಕ್ಕಳ ಹಂಬಲಕ್ಕೆ, ಅಂಗಡಿಗಳಲ್ಲಿ ಲವ್ ಬರ್ಡ್ಸ್ ಎಂದು ಮಾರುವ ಆಸ್ಟ್ರೇಲಿಯ ಮೂಲದ ಬಜರಿಗಾರ್ ಅಥವಾ ಕಾಕಟೀಲ್‌ಗಳ ಜೋಡಿ ಹೆಚ್ಚು ನ್ಯಾಯ ಒದಗಿಸಬಲ್ಲದು. ಇವು ಎಷ್ಟೋ ತಲೆಮಾರುಗಳಿಂದ ಮನುಷ್ಯರ ಬಳಿ ಮರಿಮಾಡಿ ಬೆಳೆದವು, ಆಯಸ್ಸು ಕಡಿಮೆ, ಸೈಟಿಸ್ ಪಟ್ಟಿಗಳಿಂದ ಹೊರಗಿವೆ. ಆದರೂ ಇವು ಹಿಂಡಿನ ಹಕ್ಕಿಗಳೇ, ಒಂಟಿಯಾಗಿ ಇಡಬಾರದು. ಮಕಾವ್ ಮತ್ತು ಕಾಕಟೂಗಳನ್ನು ಹತ್ತಿರದಿಂದ ನೋಡಬೇಕೆನ್ನುವವರಿಗೆ ಮೈಸೂರು ದೂರವಿಲ್ಲ: 1892ರಲ್ಲಿ ಆರಂಭವಾದ ಅಲ್ಲಿನ ಮೃಗಾಲಯವಿದೆ, ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನವಿದೆ; ಒಂದೇ ಪಕ್ಷಿಧಾಮದಲ್ಲಿ 468 ಜಾತಿಯ ಹಕ್ಕಿಗಳನ್ನು ಹೊಂದಿದ್ದಕ್ಕಾಗಿ ಶುಕವನ 2017ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು.

ಈಗಾಗಲೇ ಪಂಜರದಲ್ಲಿ ಊರಿನ ಗಿಳಿಯಿರುವ ಮನೆಗಳ ಬಗ್ಗೆ ಒಂದು ಮಾತು ಅಗತ್ಯ. ಕಾನೂನಿನ ಹೆದರಿಕೆಯಿಂದಲೋ ಕನಿಕರದಿಂದಲೋ ಪಂಜರದ ಬಾಗಿಲು ತೆರೆದು ಹಕ್ಕಿಯನ್ನು ಹಾರಿಸಿಬಿಡುವುದು ಅದಕ್ಕೆ ಒಳಿತಲ್ಲ: ವರ್ಷಗಟ್ಟಲೆ ಹಾರದ ಅದರ ಎದೆಯ ಸ್ನಾಯುಗಳು ಸೊರಗಿರುತ್ತವೆ, ಆಹಾರ ಹುಡುಕುವುದು ಗೊತ್ತಿರುವುದಿಲ್ಲ, ಬೆಕ್ಕು ನಾಯಿಗಳ ಭಯವಿರುವುದಿಲ್ಲ, ಹಿಂಡಿನ ಕರೆಗಳು ತಿಳಿದಿರುವುದಿಲ್ಲ. ವಿದೇಶಿ ಗಿಳಿಯನ್ನು ಬಿಟ್ಟರೆ ಅದು ಸಾಯಬಹುದು, ಇಲ್ಲವೇ ನಮ್ಮ ಕೊರಳಪಟ್ಟಿಯ ಗಿಳಿಗಳು ಲಂಡನ್ನಿನಲ್ಲಿ ನೆಲೆಯೂರಿದಂತೆ ಇಲ್ಲಿ ನೆಲೆಯೂರಿ ಪೊಟರೆಗಳಿಗಾಗಿ ಸ್ಥಳೀಯ ಹಕ್ಕಿಗಳೊಂದಿಗೆ ಪೈಪೋಟಿಗಿಳಿಯಬಹುದು. ಊರಿನ ಗಿಳಿಯಿರುವ ಮನೆಯವರು ಹತ್ತಿರದ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಿ ಹಕ್ಕಿಯನ್ನು ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸುವುದು ಸರಿಯಾದ ದಾರಿ. ಅಲ್ಲಿ ಅದರ ಆರೋಗ್ಯವನ್ನು ಪರೀಕ್ಷಿಸಿ, ತನ್ನ ಜಾತಿಯ ಹಕ್ಕಿಗಳೊಂದಿಗೆ ಕೂಡಿಸಿ, ದೊಡ್ಡ ಆವರಣದಲ್ಲಿ ಹಾರಾಟವನ್ನು ಮತ್ತೆ ರೂಢಿಸಿ, ಆಮೇಲೆ ಗುಂಪಿನಲ್ಲಿ ಬಿಡುವ ಕ್ರಮಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಮನುಷ್ಯರ ಮಾತನ್ನಷ್ಟೇ ಕಲಿತು ಬೆಳೆದ ಕೆಲವು ಗಿಳಿಗಳು ಎಂದಿಗೂ ಕಾಡಿಗೆ ಬಿಡುವ ಸ್ಥಿತಿಗೆ ಬರುವುದಿಲ್ಲ, ಅಂತಹವು ಉಳಿದ ಆಯಸ್ಸನ್ನೆಲ್ಲ ಆ ಆವರಣದಲ್ಲಿಯೇ ಇತರ ಗಿಳಿಗಳ ಜೊತೆ ಕಳೆಯಬೇಕಾಗುತ್ತದೆ.